ಬರೇ ಅಸ್ತರ

ಲಾಡ್ಲೆಸಾಬನ ಕೈ ನಡುಗ್ತಾವ ಈ ವರ್ಷ.
ಪಾನಾ ಹಿಡದ್ರ ಇಲ್ಲ, ಚಹಾ ಹಿಡದ್ರ ಸ್ವಲ್ಪ,
ಕತ್ತರಿ ಹಿಡದ್ರ ಪೂರಾ.
ಅದಕ್ಕ ಗೋಡಿ ಆಚೆಯಿಂದ ನನ್ನ ಕರದ:
ಅಕ್ಕಾ, ಒಂದು ಮಾಪು ಅದ, ತಗೋತೀ?

ಮಾಪು ಮಾರಿಸ್ ಗಾಡೀದು.
ಖಣಿ ಗುತ್ತೇದಾರ ವೈಜನಾಥಪ್ಪನ ಅಜ್ಜ ತಂದದ್ದಂತ.
ಶಹಾಬಾದಿನ ಫರಸಿ ಧೂಳು ಕುಡದೂ ಕುಡದೂ
ಶೆಡ್ಡಿನಾಗ ಬಾಯಿ ತೆರಕೊಂಡು ನಿಂತಿತ್ತು,
ಯಾರರೆ ಹಲ್ಲು ನೋಡ್ತಾರೇನೋ ಅನ್ನೂ ಹಂಗ.

ನಾ ಕುಪ್ಪಸ ಹೊಲಿಯಾಕಿ,
ಇಂಜಿನ್ನಿನ ಹೊಟ್ಟಿ ಎಂದೂ ಕಂಡಾಕಿ ಅಲ್ಲ.
ಅವ ಹೇಳಿದ: ಎರಡು ಕಬ್ಬಿಣ ಎಷ್ಟು ಉಜ್ಜಿದ್ರೂ
ಒಂದಕ್ಕೊಂದು ಪೂರಾ ಕೂಡಂಗಿಲ್ಲ.
ನಂಬಿಕಿ ಇಲ್ಲೇನು? ನೋಡು.
ಪಾಲಿಶ್ ಫರಸಿಗಿ ಕಾಡಿಗಿ ಸವರಿ
ಮುಚ್ಚಳ ಬೋರಲ ಇಟ್ಟು ಎತ್ತಿದ.
ಕಪ್ಪು ಹತ್ತಿತ್ತು ಅಲ್ಲೊಂದು ಇಲ್ಲೊಂದು ಕಡಿ.
ಹತ್ತದೇ ಉಳದ ಜಾಗದಿಂದ
ಎಣ್ಣಿ ಹೊಂಡ್ತದ, ಗಾಳಿ ಸೈತ ಹೊಂಡ್ತದ,
ಅದಕ್ಕ ನಡುಕ ಗ್ಯಾಸ್ಕೆಟ್ ಬೇಕು.
ಹಂಗಂದ್ರ ಅಸ್ತರ, ಅಂದೆ.
ಐವತ್ತು ವರ್ಷದಾಗ ಈ ಮಾತು ಹೊಳೀಲಿಲ್ಲಲ್ಲ ನನಗ,
ಅಂತ ಅವ ಪಾನಾದಿಂದ ತಲಿ ತುರಿಸಿಕೊಂಡ.

ಅರಿವಿ ಆರಿಸೂದು ನನಗ ಹೊಸದಲ್ಲ.
ಕಾರ್ಕು ಬೆರಳಾಗ ಹಿಚುಕಿ ನೋಡಿದೆ, ಎಣ್ಣಿ ಕಾಗದ ಮಡಚಿ ನೋಡಿದೆ.
ಬೂದಿ ಬಣ್ಣದ ಒಂದು ಹಾಳಿ ಇತ್ತು,
ಅದನ್ನ ಮುಟ್ಟಬ್ಯಾಡ, ಅದರ ಧೂಳು ಎದಿಯಾಗ ಕೂಡ್ತದ,
ನನ್ನ ಉಸ್ತಾದನ ಎದಿಯಾಗ ಕುಂತೇ ಬಿಟ್ಟಿತು ಅಂತ
ಹಸಿ ಚಿಂದಿಯೊಳಗ ಸುತ್ತಿ ತಾನೇ ಒಯ್ದಿಟ್ಟ.
ಎಣ್ಣಿ ತೊಟ್ಟಿಯ ಕಾರ್ಕು ಪಟ್ಟಿ
ಡಬ್ಬಿಯಾಗ ಒಣಗಿ ಒಂದು ಬೆರಳು ಕಮ್ಮಿ ಬಂತು.
ರಾತ್ರಿ ನೆನಸು ಅಂದ.
ನೆನಸಿದ್ರ ಕುಗ್ಗೂದು ಗೊತ್ತು ನನಗ, ಹತ್ತಿ ಹಂಗೇ;
ಇದು ಬೆಳಿಗ್ಗಿ ಹಿಗ್ಗಿ
ಬೋಲ್ಟಿನ ತೂತಿಗಿ ತೂತು ತಾನೇ ಹಚ್ಚಿತ್ತು.

ಚೈನಿನ ಮುಚ್ಚಳ ಬಿಚ್ಚಿದಾಗ
ಕಬ್ಬಿಣದ ಮ್ಯಾಲ ಅಕ್ಷರ ಕಂಡವು, ಉಲ್ಟಾ.
ಮಾಪಿನ ಕೋಣಿಯ ಕನ್ನಡಿ ತಂದು ಹಿಡದೆ.
ಸಹಕುಟುಂಬ ಸಹಪರಿ
ಆಮ್ಯಾಲ ಎಣ್ಣಿ ಕಲಿ
ಆಮ್ಯಾಲ ಚಿ. ಸೌ. ಕಾಂ.
ಹೆಸರಿನ ಬಾಲ ಅಷ್ಟೇ, ಣವ್ವ.
ಶರಣವ್ವೋ ಕಲ್ಯಾಣವ್ವೋ,
ಮೂಲಿಗಿ ಒಂಚೂರು ಅರಿಶಿಣ ಇನ್ನೂ ಹಳದಿ.
ಉಸ್ತಾದನ ಕೈಕೆಲಸ, ಅಂದ ಲಾಡ್ಲೆಸಾಬ,
ಆಗ ಕಾಗದ ಎಲ್ಲಿತ್ತು, ಕೈಗಿ ಸಿಕ್ಕ ಲಗ್ನಪತ್ರಿಕಿ ಕೊರದಾನ.
ಕೆರಿ.
ಚಹಾ ಬರಲಿ, ಅಂದೆ.
ಚಹಾ ಬಂತು. ಕುಡದೂ ಆತು.
ಕೆರಿಯಕ್ಕಾ, ಒಂದು ಅಕ್ಷರ ಉಳದ್ರ ಅಲ್ಲೇ ಸೋರ್ತದ.
ಬ್ಲೇಡಿಗಿ ಮೊದಲು ಸೌ ಹೋಯ್ತು,
ಸಹಕುಟುಂಬ ಒಂದೇ ಸುರುಳಿಯಾಗಿ ಎದ್ದು ಬಂತು.
ಣ ಮಾತ್ರ ಕಾಡಿತು,
ಅದರ ಸುಳಿ ಕಬ್ಬಿಣ ಕಚ್ಚಿಕೊಂಡಿತ್ತು.

ಹೊಸದನ್ನ ಕತ್ತರಿಸಿದೆ.
ಅರಿವಿ ಕತ್ತರಿ ಕೊಡಲಿಲ್ಲ, ಕಾಗದ ಕಂಡ್ರ ಅದು ಮೊಂಡಾಗ್ತದ.
ಗ್ರೀಸು ಸವರಿ ಹಚ್ಚಿದ. ಬೋಲ್ಟು ಬಿಗಿಯೂಮುಂದ
ಒಂದೇ ಕಡಿ ಬಿಗಿಬ್ಯಾಡ, ಸುರುಗ್ತದ, ಅಂದೆ;
ತೋಳು ಕೂಡಸೂಮುಂದ ಟಾಚಣಿ ಎದುರು ಬದುರು ಚುಚ್ಚೂದು ನಾವು.
ಗೊತ್ತು, ಗೊತ್ತು, ಅಂದ. ಕೈ ನಡುಗಲಿಲ್ಲ.

ಮೂರನೇ ಸಲಕ್ಕ ಗಾಡಿ ಕೆಮ್ಮಿ ಎದ್ದಿತು.
ಫರಸಿ ಪಾಲಿಶಿನ ಹುಡುಗರು ಕೆಲಸ ಬಿಟ್ಟು ಬಂದರು.
ರಾತ್ರಿ ಕೆಳಗ ಪೇಪರು ಹಾಸಿದಿವಿ.
ಬೆಳಿಗ್ಗಿ ಅದರ ಮ್ಯಾಲ ಒಂದು ಕಲಿ,
ಕುಪ್ಪಸದ ಗುಂಡಿಯಷ್ಟು.
ನಿನ್ನ ಕತ್ತರಿ, ಅಂದ. ನಿನ್ನ ಪಾನಾ, ಅಂದೆ.

ಮಜೂರಿ ಎಷ್ಟು?
ಒಂದು ಕುಪ್ಪಸದ್ದು ಕೊಡು.
ಅಸ್ತರ ಹಾಕಿದ್ದರ ರೇಟೋ, ಹಾಕಲಾರದ್ದೋ?
ಸಾಬಾ, ಕುಪ್ಪಸ ಎಲ್ಲಿದೆಯೋ,
ಹಾಕಿದ್ದೇ ಬರೇ ಅಸ್ತರ.